ಐಗಳಿಯ ಅಣ್ಣಾಸಾಹೇಬರು ತೆರಿಗೆ ಕಟ್ಟಿದ್ದು

ಬೆಳಿಗ್ಗೆಯಿಂದ ನಮ್ಮ ಪಡಸಾಲೆಯಲ್ಲಿ ಒಂದು ರಟ್ಟಿನ ಡಬ್ಬಿ ಕೂತಿದೆ. ಐಗಳಿಯಿಂದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಟ್ಟು ಕಳಿಸಿದ್ದು. ಇನ್ನೂ ಬಿಚ್ಚಿಲ್ಲ. ಆದರೂ ಒಳಗಿರುವುದು ಬೇದಾಣಿ, ಅಂದರೆ ಒಣದ್ರಾಕ್ಷಿ, ಎಂದು ಮನೆಗೆ ಬಂದ ಯಾರಾದರೂ ಹೇಳಿಯಾರು. ಆ ಸಿಹಿಹುಳಿ ವಾಸನೆ ರಟ್ಟು, ಟೇಪು, ಸುತಳಿ ಎಲ್ಲವನ್ನೂ ದಾಟಿಕೊಂಡು ಅಡುಗೆಮನೆಯವರೆಗೆ ಹೋಗಿದೆ. ಬೇರೆಯವರಿಗೆ ಬೇದಾಣಿ ಎಂದರೆ ಪಾಯಸ ನೆನಪಾಗುತ್ತದೆ. ನನಗೆ ಆದಾಯ ತೆರಿಗೆ ನೆನಪಾಗುತ್ತದೆ. ನಿಮಗೆ ನಗು ಬಂದರೆ ಬರಲಿ, ಮೊದಲು ಕಥೆ ಕೇಳಿ.

ನಾನು ಅಥಣಿಯಲ್ಲಿ ಕಾಲೇಜಿನ ಹುಡುಗರಿಗೆ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತನಾದವನು. ನಿವೃತ್ತರಾದವರಿಗೆ ಊರಿಗೆ ಏನಾದರೂ ಉಪಕಾರ ಮಾಡಬೇಕೆಂಬ ಚಪಲ ಹುಟ್ಟುತ್ತದೆ. ಕೆಲವರು ಯೋಗ ಕಲಿಸುತ್ತಾರೆ, ಕೆಲವರು ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಬುದ್ಧಿ ಹೇಳುತ್ತಾರೆ. ನಾನು ಗೇಟಿಗೆ ಒಂದು ಬೋರ್ಡು ತೂಗುಹಾಕಿದೆ: ‘ಆದಾಯ ತೆರಿಗೆ ರಿಟರ್ನ್ ಉಚಿತವಾಗಿ ತುಂಬಿಕೊಡಲಾಗುವುದು.’ ನನ್ನ ಹೆಂಡತಿ ಅದನ್ನು ಓದಿ, “ಮನ್ಯಾಗ ಗ್ಯಾಸಿನ ಬುಕಿಂಗ್ ಮಾಡಂದ್ರ ನಾಳೆ ಅಂತೀರಿ. ಊರ ಮಂದೀದು ತುಂಬ್ತೀರೇನು?” ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ.

ಯಾರೂ ಬರಲಿಲ್ಲ. ನಮ್ಮ ಗಡಿಯ ಕಡೆ ಪುಕ್ಕಟೆಗೆ ‘ಫುಕಟ್’ ಎನ್ನುತ್ತಾರೆ. ಆ ಮರಾಠಿ ಶಬ್ದದಲ್ಲೇ ಒಂದು ಅನುಮಾನ ಕೂತಿದೆ. ಫುಕಟ್ ಮಾಡುವವನಿಗೆ ಒಂದೋ ಹುಚ್ಚು, ಇಲ್ಲವೇ ಚುನಾವಣೆ. ನಾನು ಯಾವ ವಾರ್ಡಿಗೆ ನಿಲ್ಲುತ್ತೇನೆ ಎಂದು ಇಬ್ಬರು ಮೂವರು ಹೆಂಡತಿಯ ಹತ್ತಿರ ವಿಚಾರಿಸಿದರಂತೆ. ಕೊನೆಗೆ ಬಂದ ಮೊದಲ ಗಿರಾಕಿ ಹಿಂದಿನ ಓಣಿಯ ಮುದುಕಿ. ಕೈಚೀಲದಿಂದ ಸಾಬೂನಿನ ಖಾಲಿ ಕಾಗದಗಳನ್ನು ತೆಗೆದು ಟೇಬಲ್ಲಿನ ಮೇಲೆ ಹರಡಿದಳು.

“ಇವಕ್ಕೆಲ್ಲಾ ಟ್ಯಾಕ್ಸ್ ಕೊಟ್ಟೀನಿ ನೋಡ್ರಿ. ರಿಟರ್ನ್ ಕೊಡಸ್ರಿ.”

ರಿಟರ್ನ್ ಎಂದರೆ ತಿರುಗಿ ಬರುವುದಲ್ಲ, ಲೆಕ್ಕ ಒಪ್ಪಿಸುವುದು ಎಂದು ನಾನು ತರಗತಿಯಲ್ಲಿ ಹೇಳಿದಂತೆಯೇ ವಿವರಿಸಿದೆ. ಆಕೆ ಪೂರ್ತಿ ಕೇಳಿ, “ಹಂಗಾರ ಬೋರ್ಡ್ ಸುಳ್ಳು ಬರದೀರಿ” ಎಂದು ಕಾಗದಗಳನ್ನು ಮತ್ತೆ ಚೀಲಕ್ಕೆ ತುಂಬಿಕೊಂಡು ಹೋದಳು. ಇಷ್ಟು ವರ್ಷ ಪಾಠ ಮಾಡಿದವನಿಗೆ ಇಷ್ಟು ಸರಳವಾಗಿ ಯಾರೂ ಉತ್ತರ ಹೇಳಿರಲಿಲ್ಲ.

ಅಣ್ಣಾಸಾಹೇಬರು ಬಂದದ್ದು ಅದಾದ ಮೇಲೆ. ಐಗಳಿಯಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿರುವ ಜೈನ ರೈತರು. ಬಿಳಿ ಟೊಪ್ಪಿಗೆ, ಇಸ್ತ್ರಿಯ ಅಂಗಿ, ಯಾವುದೋ ಪೂಜೆಗೆ ಹೊರಟವರ ಹಾಗಿದ್ದರು. ಕುರ್ಚಿಯ ತುದಿಯಲ್ಲಿ ಕೂತು, ನೀರು ಕುಡಿದು, ಒಂದೇ ಮಾತು ಹೇಳಿದರು.

“ಸರ್, ನಾ ಇನ್‌ಕಮ್ ಟ್ಯಾಕ್ಸ್ ಕಟ್ಟಬೇಕ್ರಿ.”

ಎಂಥ ಗಿರಾಕಿ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಆದಾಯ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ತೋಟದಿಂದ ಎಂದರು. ಬೇರೆ? ಬೇರೆಯೂ ತೋಟದಿಂದಲೇ, ಇನ್ನೊಂದು ತೋಟದಿಂದ. ಕೃಷಿಯ ಆದಾಯಕ್ಕೆ ತೆರಿಗೆ ಇಲ್ಲ, ನೀವು ನಿಶ್ಚಿಂತೆಯಿಂದ ಮನೆಗೆ ಹೋಗಬಹುದು ಎಂದು ನಕ್ಕೆ. ಅವರು ನಗಲಿಲ್ಲ. ಮುಖ ಸಣ್ಣದಾಯಿತು.

“ಹಂಗಂದ್ರ ಸರ್ಕಾರಕ್ಕ ನಾ ಬ್ಯಾಡೇನ್ರಿ?”

ಆಮೇಲೆ ನಿಧಾನವಾಗಿ ಸಂಗತಿ ಹೊರಗೆ ಬಂತು. ಅಣ್ಣಾಸಾಹೇಬರ ಅಕ್ಕ ಪದ್ಮಾವತಿಯನ್ನು ಚಿಕ್ಕೋಡಿಗೆ ಕೊಟ್ಟಿದೆ. ಆಕೆಯ ಗಂಡ ಸರ್ಕಾರಿ ನೌಕರಿ ಮಾಡಿ ನಿವೃತ್ತರಾದವರು. ಅಕ್ಕನ ಗಂಡನಿಗೆ ಇಲ್ಲಿ ‘ದಾಜಿ’ ಎನ್ನುವುದು ರೂಢಿ. ಈ ದಾಜಿ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡಿದ್ದರು. ಪಂಕ್ತಿಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಮಾತು ಮನೆಯಿಂದ ಮನೆಯ ಮುಂದಿನ ರಸ್ತೆಗೆ, ರಸ್ತೆಯಿಂದ ತೆರಿಗೆಗೆ ಹರಿಯಿತು. ದಾಜಿ ದೊಡ್ಡ ದನಿಯಲ್ಲಿ, “ದೇಶ ನಡದಿರೂದು ನಮ್ಮಂಥಾವರ ಟ್ಯಾಕ್ಸಿನ ಮ್ಯಾಲ. ನಮ್ಮ ಅಣ್ಣಾಸಾಬನಂಥಾವ್ರು ಫುಕಟ್ ಪ್ರಜಾ” ಎಂದುಬಿಟ್ಟರು. ಪಂಕ್ತಿಯೆಲ್ಲ ನಕ್ಕಿತು. ಅಣ್ಣಾಸಾಹೇಬರು ಎಲೆಯ ಮುಂದಿನಿಂದ ಎದ್ದು ಕೈ ತೊಳೆದುಕೊಂಡರು. ಅಂದಿನಿಂದ ಅಕ್ಕನ ಮನೆಯ ಹೊಸ್ತಿಲು ತುಳಿದಿಲ್ಲ. ಅಕ್ಕ ಫೋನು ಮಾಡಿ ಅಳುತ್ತಾಳೆ. ಇವರು ಮಾತಾಡುತ್ತಾರೆ, ಹೋಗುವುದಿಲ್ಲ. ಒಮ್ಮೆ ತೆರಿಗೆ ಕಟ್ಟಿ, ಅದರ ಪಾವತಿ, ಅಂದರೆ ರಸೀದಿ, ಕಿಸೆಯಲ್ಲಿ ಇಟ್ಟುಕೊಂಡೇ ಆ ಮನೆಯ ಅನ್ನ ಉಣ್ಣುವುದು ಎಂದು ಹಟ ಹಿಡಿದಿದ್ದಾರೆ.

ನೀವೇ ಹೇಳಿ, ತೆರಿಗೆ ಉಳಿಸಿಕೊಡಿ ಎಂದು ಕೇಳುವವರಿಗಾಗಿ ನಾನು ಪುಸ್ತಕ ಓದಿ ತಯಾರಾಗಿ ಕೂತಿದ್ದೆ. ಹೇಗಾದರೂ ಮಾಡಿ ನನ್ನನ್ನು ತೆರಿಗೆಗೆ ಸಿಕ್ಕಿಸಿ ಎನ್ನುವವರಿಗೆ ಏನು ಮಾಡುವುದು? ನಾವಿಬ್ಬರೂ ಸೇರಿ ಅವರ ಬದುಕನ್ನೆಲ್ಲ ಜಾಲಾಡಿದೆವು. ಬ್ಯಾಂಕಿನ ಬಡ್ಡಿ ಇತ್ತು, ಅದು ತೆರಿಗೆ ಬೀಳುವ ಮಿತಿಯ ಕಾಲ ಬುಡಕ್ಕೂ ಬರಲಿಲ್ಲ. ಪಟ್ಟಣದಲ್ಲಿ ಬಾಡಿಗೆಯ ಮನೆ ಉಂಟೋ ಎಂದೆ. ಅದರಲ್ಲಿ ತಮ್ಮನ ಮಗಳು ಇದ್ದಾಳೆ, ಆಕೆಯ ಹತ್ತಿರ ಬಾಡಿಗೆ ಕೇಳಲೇನು ಎಂದು ನನಗೇ ತಿರುಗಿ ಬೈದರು. ಒಂದು ಎಮ್ಮೆ ಮಾರಿದ್ದರು, ಕೊಂಡವನು ಇನ್ನೂ ನಾಳೆ ನಾಡಿದ್ದು ಎನ್ನುತ್ತಿದ್ದ. ಕಡೆಗೆ ಸಾಕಾಗಿ, ಪುಸ್ತಕದಲ್ಲಿದ್ದ ಕಟ್ಟಕಡೆಯ ಪ್ರಶ್ನೆಯನ್ನೂ ಕೇಳಿಬಿಟ್ಟೆ.

“ಲಾಟರಿ, ಕುದುರಿ ರೇಸು, ಬಹುಮಾನ ಏನರ ಬಂದೈತೇನ್ರಿ?”

“ಛೇ, ಛೇ” ಎಂದು ಗಲ್ಲ ಬಡಿದುಕೊಂಡರು. ಎದ್ದು ಬಾಗಿಲವರೆಗೂ ಹೋದರು. ಅಲ್ಲಿ ನಿಂತು ತಿರುಗಿದರು. “ಅಲ್ರಿ ಸರ್, ಆ ಓಡೂ ಮಷಿನ್ ನಡಿತೈತೇನ್ರಿ?”

ನಡೆದದ್ದು ಇಷ್ಟು. ಹಿಂದಿನ ದೀಪಾವಳಿಗೆ ಗಂಡಹೆಂಡತಿ ನಿಪ್ಪಾಣಿಯ ಒಂದು ಬಟ್ಟೆ ಅಂಗಡಿಗೆ ಹೋಗಿದ್ದರು. ಅಲ್ಲಿ ಕೊಟ್ಟ ಲಕ್ಕಿ ಡ್ರಾ ಚೀಟಿಗೆ ಮೊದಲ ಬಹುಮಾನ ಬಂತು, ಒಂದು ಟ್ರೆಡ್‌ಮಿಲ್. ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ತೋಟದ ಸಾಲುಗಳಲ್ಲಿ ನಡೆಯುವ ಮನುಷ್ಯನಿಗೆ ನಿಂತಲ್ಲೇ ನಡೆಯುವ ಯಂತ್ರ! ಅದನ್ನು ಟ್ರಾಕ್ಟರಿನಲ್ಲಿ ಹೇರಿಕೊಂಡು ಬಂದು ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಇಟ್ಟಿದ್ದರು. ಅದರ ಹಿಡಿಕೆಗಳ ಮೇಲೆ ಈಗ ಗೋಣಿಚೀಲ ಒಣಗುತ್ತಿದ್ದವು. ಊರಿನ ಮಂದಿ ಬಂದು ಒಮ್ಮೆ ಹತ್ತಿ ಇಳಿದು ಹೋಗುತ್ತಿದ್ದರು. ಅಣ್ಣಾಸಾಹೇಬರು ಒಂದೇ ಸಲ ಹತ್ತಿದ್ದರಂತೆ. “ಅಷ್ಟು ನಡದೆ, ಎಲ್ಲೂ ಮುಟ್ಟಲಿಲ್ಲ” ಎಂದರು.

ನನಗೆ ರೋಮಾಂಚನವಾಯಿತು. ಡ್ರಾದಲ್ಲಿ ಗೆದ್ದ ವಸ್ತುವಿನ ಬೆಲೆಯೂ ಆದಾಯವೇ. ಅದಕ್ಕೆ ಮಿತಿಯ ವಿನಾಯಿತಿಯಿಲ್ಲ, ರಿಯಾಯಿತಿಯಿಲ್ಲ, ನೇರ ತೆರಿಗೆ. ಇದನ್ನು ಹೇಳಿದ ಕೂಡಲೆ ಅಣ್ಣಾಸಾಹೇಬರು ನನ್ನ ಎರಡೂ ಕೈ ಹಿಡಿದುಕೊಂಡರು. ಒಬ್ಬ ಮನುಷ್ಯನಿಗೆ ತೆರಿಗೆ ಬೀಳುತ್ತದೆ ಎಂದು ಹೇಳಿ ನಾನು ಆಶೀರ್ವಾದ ಪಡೆದದ್ದು ಅದೇ ಮೊದಲು.

ಚಲನ್ ಕಟ್ಟುವಾಗ ಒಂದು ತಕರಾರು ಬಂತು. ಸೊನ್ನೆಯಲ್ಲಿ ಮುಗಿದ ಮೊತ್ತ ಅವರಿಗೆ ಬೋಳು ಬೋಳಾಗಿ ಕಂಡಿತು. “ಮದಲನೇ ಸಲ ಕೊಡಾಕತ್ತೇವಿ. ಮ್ಯಾಲೊಂದಿಷ್ಟು ಸೇರಸ್ರಿ, ಕೊನೀಗೆ ಒಂದು ಇರ್ಲಿ, ಶುಭ” ಎಂದರು. ಸರ್ಕಾರ ಆಹೇರ ತೆಗೆದುಕೊಳ್ಳುವುದಿಲ್ಲ ಎಂದು ನಾನೆಷ್ಟು ಹೇಳಿದರೂ ಕೇಳಲಿಲ್ಲ. ಆಹೇರ ಎಂದರೆ ನಮ್ಮಲ್ಲಿ ಮದುವೆಯ ಉಡುಗೊರೆ. ಅವರ ಮುಖ ನೋಡಿ ನಾನೂ ಸೋತೆ.

ಎಲ್ಲ ತುಂಬಿದ ಮೇಲೆ ಕಡೆಯ ಮೆಟ್ಟಿಲು ಓಟಿಪಿ. ಆಧಾರಕ್ಕೆ ಜೋಡಿಸಿದ ಫೋನು ಅವರ ಹೆಂಡತಿ ಸುಶೀಲಾ ಅವರ ಹತ್ತಿರ, ಐಗಳಿಯಲ್ಲಿ. ಅಣ್ಣಾಸಾಹೇಬರು ನನ್ನ ಫೋನಿನಿಂದ ಅವರಿಗೆ ಕರೆ ಮಾಡಿ, ಬಂದ ಅಂಕಿ ಹೇಳು ಎಂದರು.

“ಹೇಳಂಗಿಲ್ರಿ” ಎಂದಿತು ಆ ಕಡೆಯ ದನಿ.

“ಯಾಕ?”

“ಯಾರಿಗೂ ಹೇಳಬ್ಯಾಡ ಅಂತ ಇದರಾಗ ಬರದಾರ.”

“ಲೇ, ನಾ ನಿನ್ನ ಗಂಡ!”

“ಗಂಡನ ದನಿ ತಗದೂ ಮೋಸ ಮಾಡ್ತಾರಂತ. ಮಹಿಳಾ ಸಂಘದಾಗ ಹೇಳ್ಯಾರ. ನೀವು ಖರೇನ ನಮ್ಮವ್ರಾದ್ರ ನನ್ನ ತವರಮನಿ ನಾಯಿ ಹೆಸರು ಹೇಳ್ರಿ.”

ಅಣ್ಣಾಸಾಹೇಬರಿಗೆ ನಾಯಿಯ ಹೆಸರು ನೆನಪಾಗಲಿಲ್ಲ. ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಮರುದಿನ ಗಂಡಹೆಂಡತಿ ಇಬ್ಬರೂ ಬಸ್ಸು ಹತ್ತಿ ಅಥಣಿಗೆ ಬಂದರು. ಓಟಿಪಿ ಬಂದಾಗ ಸುಶೀಲಾ ಅವರು ಫೋನಿಗೆ ಸೆರಗು ಮರೆ ಮಾಡಿ, ನಮ್ಮಿಬ್ಬರನ್ನೂ ಗೋಡೆಯ ಕಡೆ ಮುಖ ತಿರುಗಿಸಿ ನಿಲ್ಲಿಸಿ, ತಾವೇ ಒಂದೊಂದಾಗಿ ಅಂಕಿ ಒತ್ತಿದರು. ರಿಟರ್ನ್ ಸಲ್ಲಿಕೆಯಾದಾಗ ನಾನು ನನ್ನ ಮನೆಯ ಗೋಡೆಯನ್ನೇ ನೋಡುತ್ತಿದ್ದೆ. “ಆತ್ರಿ, ಈಗ ತಿರಗ್ರಿ” ಎಂದರು. ನಾಯಿಯ ಹೆಸರು ಮೋತಿಯಂತೆ.

ಚಿಕ್ಕೋಡಿಗೆ ನಾನೂ ಹೋಗಬೇಕಾಯಿತು. ಪಾವತಿ ಖರೆಯದು ಎಂದು ಹೇಳಲು ಸಾಕ್ಷಿ ಬೇಕಲ್ಲ. ಸ್ವಲ್ಪ ದಿನ ಬಿಟ್ಟು ಒಂದು ಭಾನುವಾರ ಮೂವರೂ ಹೊರಟೆವು. ದಾರಿಯುದ್ದಕ್ಕೂ ಅಣ್ಣಾಸಾಹೇಬರು ಕಿಸೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಪದ್ಮಾವತಿಯವರು ತಮ್ಮನನ್ನು ಕಂಡು ಒಳಗಿನಿಂದ ತಂಬಿಗೆ ತಂದರು. ತಂಬಿಗೆಯ ನೀರನ್ನು ಅವರ ಕಾಲಿಗೆ ತಾವೇ ಸುರಿದರು. ಆ ನೀರು ಸುರಿಯುತ್ತಲೇ ಇತ್ತು, ತಂಬಿಗೆ ಖಾಲಿಯಾಗುವವರೆಗೆ. ಇದು ಹುಡುಗಾಟಿಕೆಯ ಪ್ರಯಾಣ ಎಂದುಕೊಂಡು ಬಂದಿದ್ದ ನಾನು ಚಪ್ಪಲಿ ಬಿಟ್ಟು ಹಿಂದೆ ಸರಿದು ನಿಂತೆ.

ದಾಜಿ ಕನ್ನಡಕ ಹಾಕಿಕೊಂಡು ಪಾವತಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕಚೇರಿಯ ಹಳೆಯ ಗತ್ತಿನಲ್ಲಿ ಗಂಟಲು ಸರಿಪಡಿಸಿಕೊಂಡರು. “ಬರೋಬರಿ ಐತಿ” ಎಂದು ಒಪ್ಪಿಗೆ ಕೊಟ್ಟರು. ಅಣ್ಣಾಸಾಹೇಬರು ಎಲೆಯ ಮುಂದೆ ಕೂತರು. ಹೋಳಿಗೆ ಬಂತು, ತುಪ್ಪ ಬಂತು. ಮೊದಲ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಸುಶೀಲಾ ಅವರ ಫೋನು ಟಿಣ್ ಎಂದಿತು. ಅವರು ಅದನ್ನು ನನ್ನ ಕೈಗೆ ಕೊಟ್ಟರು. ಓಟಿಪಿ ಅಲ್ಲವೆಂದು ಖಾತ್ರಿ ಮಾಡಿಕೊಂಡೇ ಕೊಟ್ಟರು ಅನ್ನಿ. ಹೆಚ್ಚಿಗೆ ಕಟ್ಟಿದ್ದ ಹಣ ಬ್ಯಾಂಕಿನ ಖಾತೆಗೆ ವಾಪಸು ಬಂದಿತ್ತು.

ನಾನು ಸುಮ್ಮನಿರಬಹುದಿತ್ತು. ಮಾಸ್ತರಿಕೆಯ ಚಾಳಿ, ಜೋರಾಗಿ ಓದಿ ಆಹೇರದ ಕಥೆಯನ್ನೂ ಹೇಳಿಬಿಟ್ಟೆ.

ದಾಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಣ್ಣಾಸಾಬಾ, ಸರ್ಕಾರ ನಿನ್ನ ಆಹೇರ ತಿರುಗಿ ಕಳಿಸೇತಲ್ಲೋ!”

ಕೊಟ್ಟ ಆಹೇರ ತಿರುಗಿ ಬರುವುದಕ್ಕಿಂತ ದೊಡ್ಡ ಅವಮಾನ ನಮ್ಮ ಸೀಮೆಯಲ್ಲಿಲ್ಲ. ಅಣ್ಣಾಸಾಹೇಬರ ಕೈಯ ತುತ್ತು ಎಲೆಗೆ ಇಳಿಯಿತು. ತೆರಿಗೆ ಅಲ್ಲೇ ಉಳಿದಿದೆ, ಬಂದದ್ದು ಹೆಚ್ಚಿನದು ಮಾತ್ರ ಎಂದು ನಾನು ವಿವರಿಸಲು ಹೋದೆ. ಯಾರೂ ಕೇಳುತ್ತಿರಲಿಲ್ಲ. ಅವರು ಏಳುವುದಕ್ಕೆಂದು ನೆಲಕ್ಕೆ ಕೈ ಊರಿದ್ದರು. ಅಷ್ಟರಲ್ಲಿ ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದ ಪದ್ಮಾವತಿಯವರು ಗಂಡನ ಕಡೆ ತಿರುಗಿ, ಉಪ್ಪು ಬೇಕೇನು ಎಂದು ಕೇಳುವಷ್ಟು ಮೆಲ್ಲಗೆ ಕೇಳಿದರು.

“ನೀವೆಷ್ಟು ಕಟ್ಟೀರ್ರೀ ಈ ವರ್ಷ?”

ದಾಜಿ ತುಪ್ಪ ಕಲಸತೊಡಗಿದರು. “ಅದು... ಪಿಂಚಣಿ ಈಗ ಮಿತಿ ಒಳಗ ಬರ್ತೈತಿ. ಮಿತಿ ಏರಿಸ್ಯಾರಲ್ಲ.”

“ಅಂದ್ರ ಎಷ್ಟು?”

“ಬೀಳಂಗಿಲ್ಲ.”

“ಅಂದ್ರ ಈ ಪಂಕ್ತಿಯಾಗ ಟ್ಯಾಕ್ಸ್ ಕಟ್ಟಿದಾವ ನನ್ನ ತಮ್ಮ ಒಬ್ಬನ?”

ಮೊದಲು ಫಕ್ಕೆಂದು ನಕ್ಕವರು ಸುಶೀಲಾ. ಆಮೇಲೆ ದಾಜಿಯ ಭುಜವೇ ಕುಣಿಯತೊಡಗಿತು. “ಉಣ್ಣೋ ಮಾರಾಯಾ, ಉಣ್ಣು. ನಿನ್ನ ರಸ್ತಾದ ಮ್ಯಾಲ ನಾ ಇನ್ನ ಫುಕಟ್ ಅಡ್ಡಾಡ್ತೀನಿ” ಎಂದು ತಮ್ಮ ಎಲೆಯ ಹೋಳಿಗೆ ಎತ್ತಿ ಅಣ್ಣಾಸಾಹೇಬರ ಎಲೆಗೆ ಹಾಕಿದರು. ಅಣ್ಣಾಸಾಹೇಬರು ನಗಲಿಲ್ಲ, ಏಳಲೂ ಇಲ್ಲ. ತಲೆ ತಗ್ಗಿಸಿ ಉಂಡರು. ಎಲೆಯ ಮೇಲೆ ಒಂದು ಅಗುಳೂ ಉಳಿಯಲಿಲ್ಲ. ಹೊರಡುವಾಗ ದಾಜಿ ನನ್ನನ್ನು ಅಂಗಳದ ಮೂಲೆಗೆ ಕರೆದು, “ಸರ್, ನನ್ನದೂ ಒಂದು ತುಂಬತೀರೇನ್ರಿ? ಫುಕಟ್ ಅಂತ ಕೇಳಿದೆ” ಎಂದರು.

ಇವತ್ತು ಡಬ್ಬಿ ಬಂದ ಸ್ವಲ್ಪ ಹೊತ್ತಿಗೆ ಅಣ್ಣಾಸಾಹೇಬರ ಫೋನು ಬಂತು. ಈ ವರ್ಷ ಯಾವ ಡ್ರಾವೂ ಹತ್ತಿಲ್ಲವಂತೆ. ಆದರೂ ಸೊನ್ನೆಯನ್ನಾದರೂ ತುಂಬಿಸಲು ಭಾನುವಾರ ಬರುತ್ತಾರಂತೆ. ಅಕ್ಕ ಐಗಳಿಗೆ ಬಂದಿದ್ದಾಳೆ, ಮಾತಾಡುತ್ತಾಳೆ ಎಂದು ಫೋನು ಆಕೆಗೆ ಕೊಟ್ಟರು.

“ನಂದೂ ಒಂದು ತುಂಬ್ರಿ ಸರ್” ಎಂದರು ಪದ್ಮಾವತಿಯವರು. “ನಮ್ಮವ್ರದೂ ತಮ್ಮಂದೂ ಹೆಸರು ಸರ್ಕಾರದ ಕಡೆ ಹೋಗೇತಿ. ನಾ ಏನು ಪರದೇಶದಾಕಿನೇನು?”

ತುಂಬೋಣ, ಅದಕ್ಕೇನಂತೆ ಎಂದೆ. ನಿಮ್ಮ ಆದಾಯದ ಕಾಗದ ಏನಾದರೂ ಇದ್ದರೆ ತನ್ನಿ ಎಂದು ರೂಢಿಯ ಮಾತೂ ಸೇರಿಸಿದೆ. ಪದ್ಮಾವತಿಯವರು ನಕ್ಕರು.

“ಆದಾಯ ಒಂದು ಕೇಳಬ್ಯಾಡ್ರಿ. ಅದನ್ನ ಬಿಟ್ಟು ಏನ್ ಕೇಳ್ತೀರಿ ಕೇಳ್ರಿ, ಹುಟ್ಟಿದಾಗಿಂದ ಎಲ್ಲಾ ಹೇಳ್ತೀನಿ.”

ಫೋನಿಟ್ಟ ಮೇಲೆ ಲ್ಯಾಪ್‌ಟಾಪ್ ತೆರೆದು ಫಾರ್ಮನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದೆ. ಅವರು ಹೇಳಲಿರುವುದನ್ನೆಲ್ಲ ಬರೆಯುವುದಕ್ಕೆ ಅಲ್ಲಿ ಎಲ್ಲೂ ಜಾಗವಿಲ್ಲ, ಕೂತು ಕೇಳಬೇಕಷ್ಟೆ. ಭಾನುವಾರ ಬೇರೆ ಯಾರಿಗೂ ಬರಲು ಹೇಳಬೇಡ ಎಂದು ಹೆಂಡತಿಗೆ ಕೂಗಿ ಹೇಳಿದ್ದೇನೆ.