ಬೀಗ ಹಾಕಿದ ಘಟ್ಟದ ರಸ್ತೆ

ಎರಡು ಸಾವಿರದ ದಶಕದ ಕೊನೆಯ ವರ್ಷಗಳಲ್ಲಿ ನಾನೂ ನನ್ನ ಅತ್ತಿಗೆಯೂ ಕೊಪ್ಪದ ಹತ್ತಿರದ ಜಯಪುರದಲ್ಲಿ ಡಿಟಿಪಿ ಅಂಗಡಿ ನಡೆಸುತ್ತಿದ್ದೆವು. ಲಗ್ನಪತ್ರಿಕೆ, ಅರ್ಜಿ, ಕರಪತ್ರ ನಮ್ಮ ಕೆಲಸ. ಆದರೆ ಕಂಪ್ಯೂಟರಿನಲ್ಲಿ ಅತ್ತಿಗೆಗೆ ಮೊದಲು ಹಿಡಿಸಿದ್ದು ಟೈಪಿಂಗ್ ಅಲ್ಲ, ಕಾರ್ ರೇಸಿನ ಆಟ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಆಡಲು ಕೂತರೆ, ಪರದೆಯ ಮೇಲೆ ತಿರುವು ಬಂದಾಗ ಕುರ್ಚಿಯಲ್ಲಿ ತಾವೂ ವಾಲುತ್ತಿದ್ದರು. ಗೆದ್ದಂತೆಲ್ಲ ಹೊಸ ಕಾರು ಸಿಗುತ್ತಿತ್ತು. ವರ್ಷ ಕಳೆಯುವುದರೊಳಗೆ ಅವರ ಗ್ಯಾರೇಜು ತುಂಬಿತು.

ಅಷ್ಟರಲ್ಲಿ ಅದೇ ಆಟದ ಹೊಸ ಆವೃತ್ತಿ ಬಂತು. ಕೊಪ್ಪದಿಂದ ಸಿ.ಡಿ. ತಂದು ಹಾಕಿದೆ. ನೋಡಿದರೆ ಗ್ಯಾರೇಜಿನಲ್ಲಿ ಒಂದೇ ಒಂದು ಬಡಕಲು ಕಾರು.

“ನನ್ ಕಾರೆಲ್ಲ ಎಲ್ಲಿ ಹೋದ್ವೇ?”

“ಅವು ಹಳೇ ಆಟದಲ್ಲೇ ಉಳಿದ್ವು ಅತ್ತಿಗೆ. ಇದ್ರಲ್ಲಿ ಮೊದ್ಲಿಂದ ಶುರು ಮಾಡ್ಬೇಕು.”

“ಹೋಗ್ಲಿ ಬಿಡು” ಎಂದು ಶುರು ಮಾಡಿಯೇಬಿಟ್ಟರು. ಮರುವರ್ಷ ಇನ್ನೊಂದು ಬಂತು; ಮತ್ತೆ ಮೊದಲಿನಿಂದ. ಗಳಿಸಿದ್ದು ಹೋಯಿತಲ್ಲ ಎಂಬ ಸಂಕಟ ನನಗೇ ಹೆಚ್ಚಾಗಿತ್ತು. ಅವರಿಗೆ ಓಡಿಸುವುದಷ್ಟೇ ಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಅಂಗಡಿಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ ತಂದ ಆವೃತ್ತಿಯಲ್ಲಿ ಘಟ್ಟದ ರಸ್ತೆಯೊಂದಿತ್ತು. ಚಿತ್ರದಲ್ಲಿ ಮಂಜು, ಹಾವಿನಂಥ ತಿರುವುಗಳು. ಒತ್ತಿದರೆ ಬೀಗದ ಗುರುತು. ಅದನ್ನು ಬೇರೆಯಾಗಿ ಹಣ ಕೊಟ್ಟು ಡೌನ್‌ಲೋಡ್ ಮಾಡಿಕೊಳ್ಳಬೇಕಿತ್ತು, ಅದೂ ಕ್ರೆಡಿಟ್ ಕಾರ್ಡಿನಿಂದ. ಅಂಥದ್ದು ನಮ್ಮಿಬ್ಬರ ಹತ್ತಿರವೂ ಇರಲಿಲ್ಲ.

“ಆಟಕ್ಕೆ ದುಡ್ಡು ಕೊಟ್ಟಾಯ್ತಲ್ಲ, ಮತ್ತೆಂತಕ್ಕೆ ಬೀಗ?” ಅತ್ತಿಗೆ ಆ ಚಿತ್ರವನ್ನೇ ನೋಡುತ್ತ ಕೂತರು. ಆಮೇಲೆ ನನ್ನ ಕಡೆ ತಿರುಗಿ, “ನಿನ್ನಣ್ಣನ ವ್ಯಾನು ದಿನಾ ಮನೇಲಿ ಸುಮ್ನೆ ನಿಂತಿರ್ತದೆ. ಓಡ್ಸೂದು ಕಲೀಲಾ?” ಎಂದರು.

ನಾನು ನಕ್ಕೆ. ಅವರು ನಗಲಿಲ್ಲ.

“ಕಲ್ತು ಎಂತ ಮಾಡ್ತಿ? ಎಲ್ಲಿಗೆ ಹೋಗ್ಬೇಕು ಹೇಳು, ನಾನೇ ಬಿಡ್ತೇನೆ” ಎಂದ ಅಣ್ಣ, ರಾತ್ರಿ ಮನೆಯಲ್ಲಿ ಮಾತು ಬಂದಾಗ.

“ಎಲ್ಲಿಗೆ ಅಂತ ಹೇಳ್ದೇ ಹೋಗ್ಬೇಕಂತ್ಲೇ ಕಲಿಯೂದು.”

ಕೊಪ್ಪದ ಡ್ರೈವಿಂಗ್ ಶಾಲೆಗೆ ಸೇರಿದರು. ಒಂದು ದಿನ ಏರಿನಲ್ಲಿ ಗಾಡಿ ಬಂದ್ ಬಿದ್ದು ಹಿಂದಕ್ಕೆ ಜಾರಿತಂತೆ. ಅಂಗಡಿಗೆ ಬಂದ ಅತ್ತಿಗೆ ಕಂಪ್ಯೂಟರಿನ ಕಡೆ ನೋಡಲೂ ಇಲ್ಲ. “ಆಟದಲ್ಲಾದ್ರೆ ಗುದ್ದಿದ್ರೂ ಮತ್ತೆ ಶುರು ಮಾಡ್ಬಹುದು. ಇಲ್ಲಿ ಹಿಂದೆ ಜನ ಇದ್ರು ಮಾರಾಯ್ತಿ.” ಆ ವಾರ ಹೋಗಲಿಲ್ಲ. ಮುಂದಿನ ವಾರ ನಾನು ಕೇಳುವ ಮೊದಲೇ ಹೊರಟು ನಿಂತಿದ್ದರು.

ಲೈಸೆನ್ಸ್ ಬಂದ ಮೇಲೆ ಗಿರಾಕಿಯೊಬ್ಬರಿಗೆ ಲಗ್ನಪತ್ರಿಕೆ ಕೊಡಲು ನಾವಿಬ್ಬರೇ ಅಣ್ಣನ ವ್ಯಾನಿನಲ್ಲಿ ನರಸಿಂಹರಾಜಪುರಕ್ಕೆ ಹೋದೆವು. ಹಿಂದಿನಿಂದ ಬಂದ ಬಸ್ಸುಗಳೆಲ್ಲ ಹಾರ್ನ್ ಹೊಡೆದು ನಮ್ಮನ್ನು ದಾಟಿದವು.

“ಸ್ವಲ್ಪ ಜೋರು ಹೋಗಿ ಅತ್ತಿಗೆ.”

“ಅವ್ರಿಗೆ ಅರ್ಜೆಂಟು, ಹೋಗ್ಲಿ. ನಂಗೆಂತ ಇಲ್ಲ.”

ಪತ್ರಿಕೆ ತಲುಪಿಸಿ ಹೋಟೆಲಿನಲ್ಲಿ ಚಹಾ ಹೇಳಿದೆವು. ಲೋಟ ಹಿಡಿದ ಅವರ ಕೈ ಗೇರು ಹಾಕುವಂತೆ ಅದನ್ನು ಮುಂದಕ್ಕೆ ತಳ್ಳಿ, ಚಹಾ ಮೇಜಿನ ಮೇಲೆ ಚೆಲ್ಲಿತು. ನಾನು ಒರೆಸಲು ಹೋದೆ. ಅವರು ತಮ್ಮ ಕೈಯನ್ನೇ ಒಂದು ಗಳಿಗೆ ನೋಡಿ, ಪಕ್ಕದ ಮೇಜಿನವರು ತಿರುಗುವಷ್ಟು ಜೋರಾಗಿ ನಕ್ಕುಬಿಟ್ಟರು.