ಸರ್‌ನೇಮಿನ ಕಾಲಂ

ಬೆಂಗಳೂರಿನ ಕಂಪನಿ ಇಡೀ ಟೀಮನ್ನೇ ಮನೆಗೆ ಕಳಿಸಿದ್ದರಿಂದ ಸೋಸಲೆಯ ಶೀಲಾ ಸಿಂಗಾಪುರದ ಕೆಲಸಕ್ಕೆ ಅರ್ಜಿ ಹಾಕಲು ಅಪ್ಪನ ಜೊತೆ ತಿ. ನರಸೀಪುರದ ನನ್ನ ಕಂಪ್ಯೂಟರ್ ಸೆಂಟರಿಗೆ ಬಂದಳು. ಸರ್‌ನೇಮ್ ತುಂಬದೆ ಕಂಪ್ಯೂಟರ್ ಮುಂದಕ್ಕೇ ಹೋಗುತ್ತಿಲ್ಲ. ನಮ್ಮ ಕಡೆ ಯಾರಿಗಿದೆ ಸರ್‌ನೇಮು?

“ನಿಮ್ಮ ಹೆಸರೇ ಹಾಕಲಾ?” ಅಂತ ಅವಳ ಅಪ್ಪನನ್ನು ಕೇಳಿದೆ.

“ನನ್ನೆಸ್ರು ಯಾಕ್ ಸಾ? ಅವ್ಳಿಗೆ ಅಕ್ಸರ ಕಲ್ಸಿದ್ದು ಊರು. ಊರೆಸ್ರೇ ಆಕಿ.”

ಮೂರು ತಿಂಗಳಿಗೆ ಸಿಂಗಾಪುರದಿಂದ ಅವಳ ಫೋನ್ ಬಂತು. “ಇಲ್ಲಿ ಎಲ್ರೂ ನನ್ನ ಮಿಸ್ ಸೋಸಲೆ ಅಂತಾರೆ ಸಾರ್.”

ಅವತ್ತು ಸಂಜೆ ನೋಡುತ್ತೇನೆ, ಸೋಸಲೆ ಬಸ್ಸಿನ ಬೋರ್ಡಿನಲ್ಲಿ ಬಣ್ಣ ಉದುರಿ ‘ಸೋ ಲೆ’ ಅಂತಷ್ಟೇ ಉಳಿದಿದೆ. ಚಾಕ್‌ಪೀಸ್ ತಂದು ನಡುವೆ ‘ಸ’ ಬರೆದೆ.

“ನಿಮ್ಮೂರಾ ಸಾ?” ಅಂದ ಕಂಡಕ್ಟರ್.

“ಅಲ್ಲಪ್ಪ, ನಾನು ಟೈಪ್ ಮಾಡಿ ಕಳಿಸಿದ ಊರು” ಅಂದೆ.