ಕಡೂರಿನ ಬೀದಿಗಿಳಿದ ಹಡಗು

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಡೂರಿನ ಒಂದು ಹೈಸ್ಕೂಲಿಗೆ ನಾನು ಹೊಸದಾಗಿ ವಿಜ್ಞಾನದ ಮೇಷ್ಟ್ರಾಗಿ ಸೇರಿದ್ದೆ. ಗಣರಾಜ್ಯೋತ್ಸವದ ಮೆರವಣಿಗೆಗೆ ಪ್ರತಿ ಶಾಲೆಯೂ ಒಂದೊಂದು ಗಾಡಿ ಸಿಂಗರಿಸಿ ತರಬೇಕೆಂದು ತಾಲ್ಲೂಕು ಕಚೇರಿಯಿಂದ ಹೇಳಿ ಕಳಿಸಿದ್ದರು.

"ಸಂವಿಧಾನ ಅಂದ್ರೆ ಹಡಗು ಕಣ್ರೀ. ನಾವೆಲ್ಲ ಅದ್ರೊಳಗೇ ಇದೀವಿ. ಹಡಗೇ ಮಾಡ್ಬಿಡೋಣ," ಎಂದರು ನಮ್ಮ ಹೆಡ್ಮಾಸ್ಟರು.

ಕೆಲಸ ನನ್ನ ತಲೆಗೆ ಬಿತ್ತು. ನಾನು ಸದಾ ಚಿಂತೆಯಲ್ಲಿರುವುದನ್ನು ಕಂಡು ಅವರು ಅದನ್ನೇ ಜವಾಬ್ದಾರಿ ಎಂದುಕೊಂಡಿದ್ದರು. ಸ್ಟಾಫ್ ರೂಮಿನಲ್ಲಿ ಒಬ್ಬರೂ ಸಮುದ್ರ ಕಂಡವರಿರಲಿಲ್ಲ. ಕಡೆಗೆ ಬೆಂಕಿಪೊಟ್ಟಣದ ಮೇಲಿದ್ದ ಹಡಗಿನ ಚಿತ್ರವನ್ನೇ ಮುಂದಿಟ್ಟುಕೊಂಡೆವು. ಸಿಂಗಟಗೆರೆ ಕಡೆಯ ಒಬ್ಬ ಹಿರಿಯ ರೈತರು ಎತ್ತಿನಗಾಡಿ ಕೊಡಲು ಒಪ್ಪಿದರು. ಗಾಡಿಯ ಸುತ್ತ ಬಿದಿರ ದಬ್ಬೆ ಕಟ್ಟಿ, ಗೋಣಿತಾಟು ಹೊದಿಸಿ, ಮೇಲೆ ಕಾಗದ ಅಂಟಿಸಿ ಸುಣ್ಣ ಬಳಿದೆವು. ಹಡಗು ಬೆಳೆಯಿತು. ಚಿತ್ರದಲ್ಲಿ ಮನುಷ್ಯರೇ ಇರಲಿಲ್ಲವಾದ್ದರಿಂದ ಎಲ್ಲಿಗೆ ನಿಲ್ಲಿಸಬೇಕೆಂದು ತಿಳಿಯದೆ ಅದು ಬೆಳೆಯುತ್ತಲೇ ಹೋಯಿತು.

ಹಡಗಿನ ಮೇಲೆ ನಿಂತು ಸಂವಿಧಾನದ ಪೀಠಿಕೆಯನ್ನು ಬಾಯಿಪಾಠ ಹೇಳುವವಳು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ. ಊರಾಚೆಯ ಕಾಲೊನಿಯವಳು. ಶಾಲೆಯಲ್ಲಿ ಅವಳಷ್ಟು ಸ್ಪಷ್ಟವಾದ ದನಿ ಇನ್ನೊಂದಿರಲಿಲ್ಲ. ತೆಂಗಿನಕಾಯಿ ಮಂಡಿಯಲ್ಲಿ ಸಿಪ್ಪೆ ಸುಲಿಯುತ್ತಿದ್ದ ಅವಳ ತಾಯಿ ಆ ದಿನದ ಕೂಲಿ ಬಿಟ್ಟು, ಒಗೆದ ಸೀರೆ ಉಟ್ಟು ಬೆಳಿಗ್ಗೆಯೇ ಬಂದು ನಿಂತಿದ್ದಳು.

"ಮಗಳು ಎಲ್ಲರಿಗೂ ಕಾಣ್ತಾಳಾ ಸಾರ್?" ಎಂದು ಕೇಳಿದಳು.

"ಕಾಣ್ದೆ ಏನಮ್ಮಾ," ಎಂದೆ.

ಹೊರಡುವ ಹೊತ್ತಿಗೆ ನಮ್ಮ ಜಾಣತನ ಬಯಲಾಯಿತು. ಹಡಗಿಗೆ ಬಾಗಿಲೇ ಇರಲಿಲ್ಲ. ಒಳಗೆ ಹೋಗುವ ದಾರಿಯನ್ನು ಯಾರೂ ಯೋಚಿಸಿಯೇ ಇರಲಿಲ್ಲ. ಪಕ್ಕದಿಂದ ಹುಡುಗಿಯನ್ನು ಎತ್ತಲು ಹೋದರೆ ದಬ್ಬೆ ಲಟಲಟ ಎಂದಿತು.

"ಮೇಷ್ಟ್ರೇ, ಮುಟ್ಬೇಡಿ, ಹಡಗು ಮುರೀತದೆ!" ಎಂದು ಡ್ರಿಲ್ ಮೇಷ್ಟ್ರು ಕೂಗಿದರು. "ನೀರಿಗಿಳಿಯೋಕ್ ಮುಂಚೆನೇ ಮುಳುಗಿಸ್ಬಿಟ್ರಲ್ರೀ!"

ಗಟ್ಟಿ ಜಾಗ ಇದ್ದದ್ದು ಗಾಡಿ ಹೊಡೆಯುವವರು ನಿಲ್ಲುವ ಮುಂಭಾಗ ಒಂದೇ. ಅಲ್ಲಿ ಬೇರೆಯವರು ಕಾಲಿಟ್ಟರೆ ಎತ್ತು ಬೆದರುತ್ತಿದ್ದವು. ಹಾಗಾಗಿ ಗಾಡಿ ಹೊಡೆಯಲು ತಾವೇ ಬಂದಿದ್ದ ಆ ರೈತರು, ಗಾಡಿಯ ಯಜಮಾನರೇ, ಅವಳ ಕೈ ಹಿಡಿದು ಮೇಲಕ್ಕೆಳೆದುಕೊಳ್ಳಬೇಕಿತ್ತು. ಅವರೋ, ಮೆರವಣಿಗೆ ಎಂದ ಮೇಲೆ ದೇವರದ್ದಾದರೇನು, ಸರ್ಕಾರದ್ದಾದರೇನು ಎಂದು ನಸುಕಿನಲ್ಲೇ ತಣ್ಣೀರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಗಾಡಿಗೆ ಪೂಜೆ ಮಾಡಿ, ಉಪವಾಸವಿದ್ದು ಬಂದಿದ್ದರು.

"ಮುಗಿಯೋ ತನಕ ನಾನು ಯಾರನ್ನೂ ಮುಟ್ಟಲ್ಲ ಕಣ್ರೀ," ಎಂದು ಬಂದ ಕೂಡಲೇ ಹೇಳಿದ್ದರು.

ಯಾರನ್ನೂ ಎಂದರೆ ನಿಜವಾಗಿ ಯಾರನ್ನೂ ಎಂದೋ, ಅಥವಾ ಇನ್ನೇನೋ? ಕೇಳುವ ಧೈರ್ಯ ನನಗಿರಲಿಲ್ಲ. ಬೇರೆ ಹುಡುಗಿಯನ್ನು ಆರಿಸಿದರೂ ಅವರೇ ಕೈ ಕೊಡಬೇಕಲ್ಲ ಎಂದು ಒಂದು ಮನಸ್ಸು. ಆಗ ಕೊಟ್ಟುಬಿಟ್ಟರೆ ಏನು ಮಾಡುವುದು ಎಂದು ಇನ್ನೊಂದು. ಹುಡುಗಿ ತಲೆತಗ್ಗಿಸಿ ನಿಂತಿದ್ದಳು. ಅವಳ ತಾಯಿ ಎರಡು ಹೆಜ್ಜೆ ಹಿಂದಕ್ಕೆ ಸರಿದು, "ಬ್ಯಾಡ ಬಿಡಿ ಸಾರ್, ಅವ್ಳು ಕೆಳಗೇ ನಡೀತಾಳೆ," ಎಂದಳು. ಹಡಗು ನೋಡಲು ನೆರೆದಿದ್ದ ಜನ ಯಜಮಾನರತ್ತ ತಿರುಗಿದರು.

ಯಜಮಾನರು ಒಮ್ಮೆ ತಾಯಿಯನ್ನು ನೋಡಿದರು, ಒಮ್ಮೆ ಆ ಬೆಳ್ಳನೆಯ ಗೋಡೆಯನ್ನು ನೋಡಿದರು.

"ಇದ್ರಲ್ಲಿ ಕೂರೋರು ಯಾರು ಅಂದ್ರಿ?"

"ಎಲ್ಲರೂ ಅಂತ... ಹೆಡ್ಮಾಸ್ಟ್ರು ಹೇಳಿದ್ರು," ಎಂದು ತೊದಲಿದೆ. ಅಪಾಯದ ಮಾತಿಗೆ ಮೇಲಧಿಕಾರಿಯ ಹೆಸರು ಮುಂದು ಮಾಡುವುದು ನನ್ನ ಹಳೆಯ ಅಭ್ಯಾಸ.

ಅವರು ಹೆಗಲ ಮೇಲಿನ ವಲ್ಲಿಯನ್ನು ಸೊಂಟಕ್ಕೆ ಬಿಗಿದು, ಬಗ್ಗಿ ಎರಡೂ ಕೈ ಚಾಚಿದರು. "ಬಾರವ್ವಾ. ಗಟ್ಟಿಯಾಗಿ ಹಿಡ್ಕೊ. ಎತ್ತಿನ ಕಡೆ ನೋಡ್ಬೇಡ."

ಒಂದೇ ಎಳೆತಕ್ಕೆ ಹುಡುಗಿ ಮೇಲೇರಿ, ಗೋಡೆ ದಾಟಿ, ಒಳಗೆ ಧುಮುಕಿ, ಮಾಯವಾದಳು. ನಿಜಕ್ಕೂ ಮಾಯ. ತುದಿಗಾಲಲ್ಲಿ ನಿಂತರೂ ಅವಳ ರಿಬ್ಬನ್ನಿನ ತುದಿ ಕೂಡ ಹೊರಗೆ ಕಾಣಲಿಲ್ಲ.

"ಅಯ್ಯೋ, ನನ್ ಮಗಳೆಲ್ಲಿ?" ಎಂದಳು ತಾಯಿ.

ಜನ ಗೊಳ್ಳೆಂದು ನಕ್ಕರು. ಯಜಮಾನರು ನಗಲಿಲ್ಲ. ಎತ್ತಿಗೆಂದು ಗಾಡಿಯಡಿ ಕಟ್ಟಿದ್ದ ಹುಲ್ಲಿನ ಹೊರೆಯನ್ನು ಬಿಚ್ಚಿ ಒಳಗೆಸೆದು, "ಇದ್ರ ಮೇಲೆ ನಿಂತ್ಕೊಳವ್ವಾ, ನಿಮ್ಮವ್ವಂಗೆ ಕಾಣ್ಬೇಕಂತೆ," ಎಂದರು.

ಮೊದಲು ರಿಬ್ಬನ್ನು ಬಂತು, ಆಮೇಲೆ ಹಣೆ, ಕಣ್ಣು, ಹೆಗಲು. ಬಿಳಿ ಹಡಗಿನ ಮೇಲೆ ಆ ಹುಡುಗಿ ಎದ್ದು ನಿಂತಾಗ ನಗು ತಾನಾಗಿ ನಿಂತಿತು. ಸುಣ್ಣ, ಗೋಣಿ, ಹಳೇ ಕಾಗದ ಎಂದು ಗೊತ್ತಿದ್ದ ನನಗೇ ಮೈ ಜುಮ್ಮೆಂದಿತು. ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದರು. ಸೈಕಲ್ ರಿಪೇರಿಯ ಸಾಬರು ಕೈಯೊರೆಸಿಕೊಂಡು ಎದ್ದು ನಿಂತರು. ಅವಳ ತಾಯಿ ಕೈಮುಗಿದಳು. ಮಗಳಿಗೋ, ಹಡಗಿಗೋ, ಗಾಡಿ ಹೊಡೆಯುವವರಿಗೋ, ನನಗೆ ತಿಳಿಯಲಿಲ್ಲ.

ಧ್ವಜಸ್ತಂಭದ ಮುಂದೆ ಗಾಡಿ ನಿಂತಿತು. ತಹಶೀಲ್ದಾರರು ಎದ್ದು ನಿಂತರು. "ಭಾರತದ ಪ್ರಜೆಗಳಾದ ನಾವು..." ಎಂದು ಹುಡುಗಿ ಆರಂಭಿಸಿದಳು. ಎತ್ತುಗಳು ತಲೆ ಕೊಡವಿದವು, ಕೊರಳಗಂಟೆಗಳ ಸದ್ದಿನಲ್ಲಿ ಮುಂದಿನ ಮಾತು ಮುಚ್ಚಿಹೋಯಿತು. ಯಜಮಾನರು ಕೆಳಗೆ ಹಾರಿ, ಎರಡು ಎತ್ತುಗಳ ನಡುವೆ ನುಗ್ಗಿ, ಎರಡೂ ಗಂಟೆಗಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. "ಮೊದಲಿಂದ ಹೇಳವ್ವಾ," ಎಂದರು. ಅವಳು ಮೊದಲಿನಿಂದ ಹೇಳಿ ಮುಗಿಸುವವರೆಗೂ ಅವರು ಹಾಗೆಯೇ, ಕಣ್ಣು ಮುಚ್ಚಿ, ಗಂಟೆಗಳನ್ನು ಬಿಡದೆ ನಿಂತಿದ್ದರು.